ಬರೆದಿಡದ ಕೀಲಿಗಳು

ಕನ್ನಡದ ಬರವಣಿಗೆಯು ಲೇಖನಿಯನ್ನು ಬಿಟ್ಟು ಗಣಕಯಂತ್ರದ ಕೀಲಿಮಣೆಯನ್ನು ಏರಿ ಒಂದು ತಲೆಮಾರು ಕಳೆದಿದೆ. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಈ ಸೀಮೆಯ ಯಾವ ಊರಿನಲ್ಲಾದರೂ ಆಗಲಿ, ರೈತನ ಅರ್ಜಿ, ಕ್ರಯಪತ್ರದ ಕರಡು, ಮದುವೆಯ ಲಗ್ನಪತ್ರಿಕೆ, ಶಾಲೆಯ ಪ್ರಶ್ನಪತ್ರಿಕೆ, ಜಾತ್ರೆಯ ಕರಪತ್ರ ಇವೆಲ್ಲವೂ ಈಗ ಕೀಲಿಗಳ ಮೂಲಕವೇ ಜನ್ಮತಾಳುತ್ತವೆ. ಇದು ಹರ್ಷಪಡತಕ್ಕ ಸಂಗತಿಯೇ ಸರಿ. ಆದರೆ ಈ ಏಳಿಗೆಯ ಬೆನ್ನಿಗೆ ಅಂಟಿಕೊಂಡು ಬಂದಿರುವ ಒಂದು ದೋಷವನ್ನು ವಿದ್ಯಾವಂತರು ಇದುವರೆಗೆ ಲಕ್ಷ್ಯಕ್ಕೆ ತಂದುಕೊಂಡಿಲ್ಲ. ಯಂತ್ರದಲ್ಲಿ ಬರೆಯುವುದಕ್ಕೆ ಬೇಕಾದ ಅಪ್ಪಣೆಗಳಲ್ಲಿ, ಅವುಗಳ ಸಂಕ್ಷೇಪಗಳಲ್ಲಿ, ಒಂದು ಕೀಲಿಯ ಮೇಲೆ ಮತ್ತೊಂದನ್ನೊತ್ತಿ ಪಡೆಯುವ ಅಡ್ಡದಾರಿಗಳಲ್ಲಿ ಬಹುಭಾಗವು ಯಾವ ಪುಸ್ತಕದಲ್ಲಿಯೂ ಬರೆದಿಲ್ಲ. ಅವು ಬಾಯಿಂದ ಕಿವಿಗೆ, ಒಬ್ಬನ ಬೆರಳಿನಿಂದ ಇನ್ನೊಬ್ಬನ ಬೆರಳಿಗೆ ಸಾಗುತ್ತಿವೆ. ಬರೆದಿಡದ ಸಂಕ್ಷೇಪವು ಸೌಕರ್ಯವಲ್ಲ, ಅದು ಸಾಲ. ಬಳಸಿದವನು ತೀರಿಸುವುದಿಲ್ಲ, ಅವನ ಹಿಂದೆ ಬಂದವನು ಬಡ್ಡಿಸಹಿತವಾಗಿ ತೀರಿಸಬೇಕಾಗುತ್ತದೆ.

ಮೊದಲು ಸಂಕ್ಷೇಪವೆಂಬುದು ಹೇಗೆ ಹುಟ್ಟಿತೆಂಬುದನ್ನು ನೋಡಬಹುದು. ೧೯೬೯ರಲ್ಲಿ ಅಮೆರಿಕದ ಕೆನ್ ಥಾಂಪ್ಸನ್ ಎಂಬ ವಿದ್ವಾಂಸನು ಬರಹವನ್ನು ತಿದ್ದುವುದಕ್ಕಾಗಿ 'ಎಡ್' ಎಂಬ ತಂತ್ರಾಂಶವನ್ನು ರಚಿಸಿದನು. ಆ ಕಾಲದ ಯಂತ್ರಗಳು ನಿಧಾನವಾದವು. ಒಂದೊಂದು ಅಕ್ಷರವನ್ನು ಕಳುಹಿಸುವುದಕ್ಕೂ ಕಾಲ ವ್ಯಯವಾಗುತ್ತಿದ್ದಿತು. ಆದುದರಿಂದ ಅಪ್ಪಣೆಗಳೆಲ್ಲ ಒಂದೊಂದೇ ಅಕ್ಷರಕ್ಕೆ ಇಳಿದುವು. 'ಬರೆ' ಎಂಬುದಕ್ಕೆ ಇಂಗ್ಲಿಷಿನ ಆ ಪದದ ಮೊದಲ ಅಕ್ಷರ ಸಾಕು. 'ಮುಗಿಸು' ಎಂಬುದಕ್ಕೂ ಹಾಗೆಯೇ. ಅಪ್ಪಣೆಯು ತಪ್ಪಾದರೆ ಆ ತಂತ್ರಾಂಶವು ಕೊಡುತ್ತಿದ್ದ ಉತ್ತರವಾದರೂ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ! ಎಲ್ಲಿ ತಪ್ಪಿತು, ಏಕೆ ತಪ್ಪಿತು ಎಂಬುದನ್ನು ಕೇಳಿದವನೇ ಊಹಿಸಿಕೊಳ್ಳಬೇಕು. ಬಲ್ಲವನಿಗೆ ಅಷ್ಟೇ ಸಾಕಾಗಿದ್ದಿತು. ಹೊಸಬನಿಗೆ ಅದು ಮುಚ್ಚಿದ ಬಾಗಿಲಿನ ಮೇಲಿನ ಬೀಗವೇ ಆಗಿದ್ದಿತು. ೧೯೭೬ರಲ್ಲಿ ಬಿಲ್ ಜಾಯ್ ಎಂಬಾತನು ರಚಿಸಿದ 'ವಿ-ಐ' ಎಂಬ ತಂತ್ರಾಂಶವು ಈ ಒಂದಕ್ಷರದ ಸಂಪ್ರದಾಯವನ್ನೇ ಮುಂದುವರಿಸಿತು.

ಆದರೆ ಈ ಪರಂಪರೆಯಲ್ಲಿಯೇ ದೋಷಕ್ಕೆ ಪರಿಹಾರವೂ ದೊರೆಯಿತೆಂಬುದು ಗಮನಾರ್ಹ. ೧೯೯೧ರಲ್ಲಿ ಬ್ರಾಮ್ ಮೂಲೆನಾರ್ ಎಂಬ ಡಚ್ಚರ ತರುಣನು ಹೊರತಂದ 'ವಿಮ್' ಎಂಬ ತಂತ್ರಾಂಶದಲ್ಲಿ ಸಂಕ್ಷೇಪಗಳು ಮೊದಲಿಗಿಂತ ಕಡಮೆಯಾಗಲಿಲ್ಲ, ಹೆಚ್ಚಿದುವು. ಆದರೆ ಅದರ ಸಹಾಯಗ್ರಂಥವು ಪ್ರತಿಯೊಂದು ಅಪ್ಪಣೆಯ ಪೂರ್ಣರೂಪವನ್ನೂ ಬರೆದು, ಬಿಟ್ಟರೂ ನಡೆಯುವ ಅಕ್ಷರಗಳನ್ನು ಚೌಕ ಆವರಣದೊಳಗೆ ಇಟ್ಟು ತೋರಿಸುತ್ತದೆ. 'ಅಳಿಸು' ಎಂಬ ಅಪ್ಪಣೆಯನ್ನು 'ಅ' ಎಂದಷ್ಟೇ ಹೇಳಬಹುದಾದರೆ 'ಅ[ಳಿಸು]' ಎಂದು ಬರೆದಂತೆ. ಎಂತಹ ಸಣ್ಣ ಉಪಾಯ, ಎಷ್ಟು ದೊಡ್ಡ ಉಪಕಾರ! ಸಂಕ್ಷೇಪವನ್ನು ಬಲ್ಲವನು ಸಂಕ್ಷೇಪವಾಗಿ ನಡೆಯುತ್ತಾನೆ. ಅರಿಯದವನು ಪೂರ್ಣರೂಪವನ್ನು ಓದಿ ಅರ್ಥಮಾಡಿಕೊಳ್ಳುತ್ತಾನೆ. ಇಬ್ಬರ ನಡುವೆ ಗುರುವಾಗಲಿ ದಲ್ಲಾಳಿಯಾಗಲಿ ಬೇಕಾಗುವುದಿಲ್ಲ. ಆದುದರಿಂದ ಜಗಳವು ಸಂಕ್ಷೇಪದೊಡನೆ ಅಲ್ಲ, ಅದನ್ನು ಬರೆದಿಡದ ಔದಾಸೀನ್ಯದೊಡನೆ.

ಕನ್ನಡದ ಕೀಲಿಮಣೆಗೆ ಬರೋಣವಾಗಲಿ. ಶ್ರೀ ಕೆ. ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ನಾಡೆಲ್ಲ ಹಬ್ಬಿದ ಕೀಲಿವಿನ್ಯಾಸವು ಬುದ್ಧಿವಂತಿಕೆಯ ಕೃತಿಯೆಂಬುದರಲ್ಲಿ ಸಂದೇಹವಿಲ್ಲ. ಐವತ್ತಕ್ಕೆ ಸಮೀಪವಾದ ವರ್ಣಮಾಲೆಯನ್ನು ಇಂಗ್ಲಿಷಿನ ೨೬ ಕೀಲಿಗಳಲ್ಲಿ ಅಡಗಿಸಿದ ಚಾತುರ್ಯ ಅದು. 'ಕೆ' ಒತ್ತಿದರೆ ಕ, ಶಿಫ್ಟ್ ಸಹಿತವಾಗಿ ಒತ್ತಿದರೆ ಖ. 'ಟಿ' ಕೀಲಿಯಲ್ಲಿ ತ ಕುಳಿತಿರುವುದರಿಂದ ಟಕಾರವು 'ಕ್ಯೂ' ಕೀಲಿಗೂ, ಡಕಾರವು 'ಡಬ್ಲ್ಯೂ' ಕೀಲಿಗೂ, ಷಕಾರವು 'ಎಕ್ಸ್' ಕೀಲಿಗೂ ಹೋಗಿವೆ. ಒತ್ತಕ್ಷರ ಬೇಕಾದಾಗ ಎರಡು ವ್ಯಂಜನಗಳ ನಡುವೆ 'ಎಫ್' ಒತ್ತಬೇಕು. ಇಷ್ಟನ್ನು ಗೋಡೆಗೆ ಅಂಟಿಸುವ ಪಟವೂ ಹೇಳುತ್ತದೆ. ಆದರೆ ಪಟವು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. 'ರಾಜ್‌ಕುಮಾರ್' ಎಂಬ ಹೆಸರಿನಲ್ಲಿ ಜಕಾರದ ಕೆಳಗೆ ಕಕಾರವು ಒತ್ತಾಗಿ ಇಳಿದು 'ರಾಜ್ಕುಮಾರ್' ಆಗದಂತೆ ತಡೆಯುವುದು ಹೇಗೆ? 'ರ‍್ಯಾಂಕ್' ಎಂಬ ಮಾತಿನಲ್ಲಿ ರಕಾರವು ಅರ್ಕಾವತ್ತಾಗಿ ಮೇಲೇರದೆ ತನ್ನ ಸ್ಥಾನದಲ್ಲಿಯೇ ನಿಲ್ಲುವುದು ಹೇಗೆ? ಈ ಎರಡಕ್ಕೂ ಕಣ್ಣಿಗೆ ಕಾಣದ ಎರಡು ಸಂಕೇತಗಳಿವೆ. ಯೂನಿಕೋಡ್ ಪಟ್ಟಿಯಲ್ಲಿ ಅವುಗಳ ಸ್ಥಾನ ೮೨೦೪ ಮತ್ತು ೮೨೦೫; ಒಂದು ಅಗಲಿಸುವುದು, ಇನ್ನೊಂದು ಕೂಡಿಸುವುದು. ಅವುಗಳನ್ನು ಯಾವ ಕೀಲಿಯಿಂದ ಬರಿಸಬೇಕೆಂಬುದು ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ. ಕಲಿಯುವವನಿಗೆ ಅದನ್ನು ಹೇಳುವವರು ಪಕ್ಕದ ಕುರ್ಚಿಯವರು ಮಾತ್ರ. ಪಕ್ಕದ ಕುರ್ಚಿ ಖಾಲಿಯಾಗಿದ್ದರೆ ಆ ಹುಡುಗನು ತನಗೆ ತೋಚಿದ ಅಡ್ಡದಾರಿಯನ್ನು ಹಿಡಿಯುತ್ತಾನೆ. ಅಲ್ಲಿಂದ ಅನರ್ಥವು ಪ್ರಾರಂಭವಾಗುತ್ತದೆ.

ಅನರ್ಥವೆಂಬುದು ಅತಿಶಯೋಕ್ತಿಯೆಂದು ಯಾರಾದರೂ ಭಾವಿಸಿಯಾರು. ಒಂದು ಉದಾಹರಣೆಯನ್ನು ಪರಾಂಬರಿಸಬಹುದು. ಕನ್ನಡದ ಅನುಸ್ವಾರಕ್ಕೂ ಕನ್ನಡದ ಸೊನ್ನೆಗೂ ಆಕಾರದಲ್ಲಿ ಭೇದವು ಅತ್ಯಲ್ಪ. ಅನುಸ್ವಾರದ ಕೀಲಿ ಯಾವುದೆಂದು ಅರಿಯದವನು ಸೊನ್ನೆಯನ್ನು ಒತ್ತಿ ಕೆಲಸ ಪೂರೈಸುತ್ತಾನೆ. ಕಾಗದದ ಮೇಲೆ ಅದು ಅನುಸ್ವಾರದಂತೆಯೇ ಕಾಣುತ್ತದೆ. ಅವನನ್ನು ನೋಡಿ ಇನ್ನೊಬ್ಬನು ಅದನ್ನೇ ಕಲಿಯುತ್ತಾನೆ. ಆದರೆ ಯಂತ್ರದ ಲೆಕ್ಕದಲ್ಲಿ ಅನುಸ್ವಾರವು ೩೨೦೨ನೆಯದು, ಸೊನ್ನೆಯು ೩೩೦೨ನೆಯದು. ಇವೆರಡರ ನಡುವೆ ಸರಿಯಾಗಿ ನೂರು ಮನೆಗಳ ಅಂತರವಿದೆ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವೆಂಬ ಪ್ರಸಿದ್ಧ ಸ್ಥಳದ ಹೆಸರನ್ನೇ ತೆಗೆದುಕೊಳ್ಳಬಹುದು. ಅದರಲ್ಲಿ ಯಂತ್ರವು ಎಣಿಸುವ ಸಂಕೇತಗಳು ೧೨. ಅವುಗಳಲ್ಲಿ ಐದನೆಯದು ಅನುಸ್ವಾರ. ಆ ಒಂದು ಸ್ಥಾನದಲ್ಲಿ ಸೊನ್ನೆ ಬಿದ್ದರೆ, ಓದುವ ಮನುಷ್ಯನಿಗೆ ಅದು ಉಚ್ಚಂಗಿದುರ್ಗವೇ. ಹುಡುಕುವ ಯಂತ್ರಕ್ಕೆ ಮಾತ್ರ ಅದು ಯಾವ ಊರೂ ಅಲ್ಲ. ನೀಲಗುಂದಕ್ಕೂ ಇದೇ ಗತಿ. ಒಕಾರದ ಕಥೆಯೂ ಇಂತಹುದೇ. 'ಕೊಟ್ಟೂರು' ಎಂಬಲ್ಲಿಯ ಕೊಂಬನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡನ್ನು ಜೋಡಿಸಿಯೂ ಬರೆಯಬಹುದು. ಎರಡೂ ಕಣ್ಣಿಗೆ ಒಂದೇ. ಎರಡನ್ನೂ ಸಮವೆಂದು ಎಣಿಸಬೇಕೆಂದು ಯೂನಿಕೋಡ್ ನಿಯಮವೇ ಹೇಳುತ್ತದೆ. ಆದರೆ ಆ ನಿಯಮವನ್ನು ಲಕ್ಷಿಸದೆ ರಚಿಸಿದ ತಂತ್ರಾಂಶದಲ್ಲಿ ಹುಡುಕಿದರೆ ಒಂದು ಸಿಕ್ಕಿ ಇನ್ನೊಂದು ತಪ್ಪಿಹೋಗುತ್ತದೆ.

ಇದು ವೈಯಾಕರಣರ ಚರ್ಚೆಯಾಗಿಯೇ ಉಳಿದಿದ್ದರೆ ಇಷ್ಟು ಕಳವಳಕ್ಕೆ ಕಾರಣವಿರಲಿಲ್ಲ. ಆದರೆ ಕರ್ನಾಟಕದಲ್ಲಿ ೨೦೦೦ದಿಂದೀಚೆಗೆ 'ಭೂಮಿ' ಯೋಜನೆಯು ಜಮೀನಿನ ಪಹಣಿಗಳನ್ನು ಯಂತ್ರಕ್ಕೆ ಏರಿಸಿತು. ಸುಮಾರು ೬೭ ಲಕ್ಷ ರೈತರಿಗೆ ಸಂಬಂಧಿಸಿದ ೨ ಕೋಟಿಯಷ್ಟು ದಾಖಲೆಗಳು ಕೈಬರಹದ ಪುಸ್ತಕದಿಂದ ಕೀಲಿಮಣೆಗೆ ಬಂದುವು. ಅದರಿಂದ ಜನರಿಗೆ ಆದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಹೊಲವು ಕೀಲಿಮಣೆಯನ್ನು ಏರಿದ ದಿನದಿಂದ ಕೀಲಿಯ ಶುದ್ಧಿಯೂ ಹೊಲದ ಶುದ್ಧಿಯಷ್ಟೇ ಮುಖ್ಯವಾಯಿತು. ಸಾಲಕ್ಕಾಗಿ ಬ್ಯಾಂಕಿಗೆ, ಪರಿಹಾರಕ್ಕಾಗಿ ಕಚೇರಿಗೆ ಹೋದ ರೈತನ ಹೆಸರು ಒಂದು ಕಾಗದದಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆಯಾಗಿದ್ದರೆ ಅವನು ಎರಡು ಮೂರು ಸಲ ತಿರುಗಬೇಕಾಗುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆಯಲ್ಲಿ ಪೂಜಾರಿಯ ಮುಖವಾದರೂ ಕಾಣುತ್ತದೆ. ಇಲ್ಲಿ ತಡೆಯುತ್ತಿರುವುದು ಕಾಣದ ಒಂದು ಸಂಕೇತ.

ಈ ಸೀಮೆಗೆ ಇಂತಹ ಕಷ್ಟವು ಹೊಸದೇನೂ ಅಲ್ಲ. ೧೮೦೦ರಲ್ಲಿ ನಿಜಾಮನಿಂದ ಕಂಪೆನಿ ಸರಕಾರಕ್ಕೆ ಸೇರಿ, ೧೯೫೩ರವರೆಗೆ ಮದರಾಸಿನ ಆಡಳಿತದಲ್ಲಿದ್ದ ಬಳ್ಳಾರಿ ಜಿಲ್ಲೆಯ ಗ್ರಾಮಗಳಲ್ಲಿ ಹೊಲದ ಲೆಕ್ಕವು ಕರಣಿಕರ ಕೈಯಲ್ಲಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲನ್ನೂ ಸವರಿ ಮಾಡಿದ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುವುದು ಕನ್ನಡನಾಡಿನ ಹಳೆಯ ಪದ್ಧತಿ. ಕಾಗದ ಬಂದ ಮೇಲೆಯೂ ಬರಹವು ಮೋಡಿಯಾಗಿ, ಅಕ್ಷರಕ್ಕೆ ಅಕ್ಷರ ಹೆಣೆದು, ಕೈಯೆತ್ತದೆ ಓಡುತ್ತಿದ್ದಿತು. ವೀಸ, ಹಾಗ ಮೊದಲಾದ ಭಿನ್ನಾಂಕಗಳಿಗೆ ಒಂದೊಂದು ಗುರುತು, ಹೆಸರುಗಳಿಗೆ ಮೊದಲಕ್ಷರ, ಉಳಿದುದು ಬರೆದವನ ಜ್ಞಾಪಕದಲ್ಲಿ. ಆ ವಿದ್ಯೆಯು ಮಗನಿಗೆ ತಂದೆಯಿಂದ ಬರುತ್ತಿದ್ದಿತು. ೧೯೬೧ರ ಗ್ರಾಮಾಧಿಕಾರ ರದ್ದಿಯಾತಿಯ ಶಾಸನವು ೧೯೬೩ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆಯು ಮುಗಿಯಿತು. ಅಧಿಕಾರವು ಹೋದುದು ನ್ಯಾಯವೇ. ಆದರೆ ಅದರೊಡನೆ ಓದುವ ಕಣ್ಣುಗಳೂ ಹೋದುವು. ಇಂದು ಮೋಡಿಯ ಕಾಗದವೊಂದು ಮನೆಯ ಪೆಟ್ಟಿಗೆಯಲ್ಲಿ ದೊರೆತರೆ ಅದನ್ನು ಓದಿಸುವುದಕ್ಕಾಗಿ ಊರೂರು ಅಲೆಯಬೇಕು. ಅಜ್ಜನ ಹೊಲದ ಎಲ್ಲೆಯು ಅಜ್ಜನ ಅಕ್ಷರದಲ್ಲಿಯೇ ಬಂದಿಯಾಗಿ ಕುಳಿತಿದೆ.

ಇದಕ್ಕೆ ಪ್ರತಿಯಾಗಿ ಅದಕ್ಕಿಂತ ಸಾವಿರ ವರ್ಷ ಹಳೆಯದಾದ ಬರಹವು ಹೇಗೆ ಉಳಿದಿದೆಯೆಂಬುದನ್ನು ನೋಡುವುದು ಉಚಿತ. ನೀಲಗುಂದದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ೮೬೬ರ ಶಾಸನವಿದೆ. ಬಾಗಳಿಯ ಕಲ್ಲೇಶ್ವರ ದೇವಾಲಯದಲ್ಲಿ ಹಳಗನ್ನಡದ ಶಾಸನಗಳು ಹಲವಿವೆ. ಶಾಸನಗಳನ್ನು ಬರೆದವರೂ ಸಂಕ್ಷೇಪಪ್ರಿಯರೇ. ಕಲ್ಲು ಕಡೆಯುವವನಿಗೆ ಒಂದೊಂದು ಅಕ್ಷರವೂ ಬೆವರಿನ ಬೆಲೆಯದು. ಕನ್ನಡ ಶಾಸನಗಳಲ್ಲಿ 'ಗದ್ಯಾಣ'ವೆಂಬ ನಾಣ್ಯದ ಹೆಸರು ಎಷ್ಟೋ ಕಡೆ 'ಗ' ಎಂಬ ಒಂದಕ್ಷರಕ್ಕೆ ಇಳಿದಿದೆ. ಆದರೂ ಇಂದಿನ ಶಾಸನಜ್ಞರು ಅದನ್ನು ನಿಸ್ಸಂದೇಹವಾಗಿ ಓದುತ್ತಾರೆ. ಏಕೆಂದರೆ ಬೇರೆ ಶಾಸನಗಳಲ್ಲಿ ಅದೇ ಸಂದರ್ಭದಲ್ಲಿ ಆ ಪದವು ಪೂರ್ಣವಾಗಿ ಕೆತ್ತಲ್ಪಟ್ಟಿದೆ. ಎಲ್ಲೋ ಒಂದೆಡೆ ಪೂರ್ಣರೂಪವು ಬರೆಯಲ್ಪಟ್ಟಿದ್ದರೆ ಸಂಕ್ಷೇಪವು ಸಾವಿರ ವರ್ಷ ಬಾಳುತ್ತದೆ. ಎಲ್ಲಿಯೂ ಬರೆಯದೆ ಹೋದರೆ ಎರಡೇ ತಲೆಮಾರಿನಲ್ಲಿ ಅದು ಒಗಟಾಗುತ್ತದೆ.

ಯಂತ್ರದ ಬರಹವು ಎರಡು ತಲೆಮಾರನ್ನೂ ಕಾಯುವುದಿಲ್ಲ. ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯು ೧೯೯೧ರಲ್ಲಿ ಹೊರಬಂದಿತಾದರೂ ಕನ್ನಡದ ಬಳಕೆಗೆ ಅದು ನಿಧಾನವಾಗಿ ಬಂದಿತು. ಅದಕ್ಕೆ ಮೊದಲೂ ಅದರ ಜೊತೆಗೂ ಹಲವು ವರ್ಷ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇರಿಸಲಾಗಿತ್ತು. ಹಾಗೆ ಬರೆದ ಕಡತವನ್ನು ಅದರದೇ ಅಚ್ಚುಮೊಳೆಯಿಲ್ಲದ ಯಂತ್ರದಲ್ಲಿ ತೆರೆದರೆ 'ಕನ್ನಡ' ಎಂಬ ಪದವೇ ಕನ್ನಡವಾಗಿ ಕಾಣುವುದಿಲ್ಲ: ಮೊದಲು ಇಂಗ್ಲಿಷಿನ 'ಪಿ', ಬಳಿಕ ನೆತ್ತಿಯ ಮೇಲೆ ಗೆರೆಯಿರುವ 'ಎ', ಬಳಿಕ ಬ್ರಿಟಿಷರ ಪೌಂಡ್ ನಾಣ್ಯದ ಚಿಹ್ನೆ, ಮತ್ತೊಂದು ಗೆರೆಯ 'ಎ', ಬಳಿಕ ಜರ್ಮನರ ಒಂದು ಅಕ್ಷರ, ಆಮೇಲೆ 'ಕ್ಯೂ', ಕೊನೆಗೆ ಇನ್ನೊಂದು ಗೆರೆಯ 'ಎ'. ಪೌಂಡ್ ಚಿಹ್ನೆಯೊಡನೆ ಗೆರೆಯ 'ಎ' ಸೇರಿದರೆ ನಕಾರ, ಜರ್ಮನ್ ಅಕ್ಷರವೇ ನಕಾರದ ಒತ್ತು ಎಂಬ ಕೋಷ್ಟಕವು ಲಿಖಿತವಾಗಿ ದೊರೆತುದರಿಂದಲೇ ಅಂತಹ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ರಚಿಸಲು ಸಾಧ್ಯವಾಯಿತು. ಯಾವ ಅಚ್ಚುಮೊಳೆಗಳಿಗೆ ಅಂತಹ ಕೋಷ್ಟಕವಿಲ್ಲವೋ ಅವುಗಳಲ್ಲಿ ಬರೆದುದೆಲ್ಲ ಕತ್ತಲೆಯ ಕೋಣೆಯನ್ನು ಸೇರಿದಂತೆಯೇ. ಎಷ್ಟೋ ಮನೆಗಳಲ್ಲಿ ಗತಿಸಿದ ಹಿರಿಯರ ಪದ್ಯಗಳೂ ವಂಶಾವಳಿಗಳೂ ದಿನಚರಿಗಳೂ ಹಳೆಯ ಯಂತ್ರದ ಹೊಟ್ಟೆಯಲ್ಲಿ ಹೀಗೆ ಪೌಂಡ್ ಚಿಹ್ನೆಗಳಾಗಿ ಮಲಗಿರುವುದನ್ನು ಮನೆಯವರು ತೆರೆದು ನೋಡಿದ ದಿನವೇ ತಿಳಿಯುವರು.

ಹರಪನಹಳ್ಳಿಯವರಿಗೆ ಈ ಭಯವು ಇತರರಿಗಿಂತ ಒಂದು ತೂಕ ಹೆಚ್ಚು. ಈ ತಾಲ್ಲೂಕು ೧೯೯೭ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿತು. ೨೦೧೮ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಮೂರು ಸಲ ಜಿಲ್ಲೆ ಬದಲಾದ ಊರಿನ ಕಾಗದಪತ್ರಗಳು ಕಚೇರಿಯಿಂದ ಕಚೇರಿಗೆ, ಕೈಯಿಂದ ಕೈಗೆ ಹೋಗತಕ್ಕವು. ಒಂದು ಕಚೇರಿಯ ಬೆರಳಚ್ಚುಗಾರನು ತನ್ನ ಅನುಕೂಲಕ್ಕೆಂದು ಮಾಡಿಕೊಂಡ ಸಂಕ್ಷೇಪವನ್ನು ಇನ್ನೊಂದು ಕಚೇರಿಯವನು ಹೇಗೆ ಅರಿಯಬೇಕು? ಕಾಗದದೊಡನೆ ಅದರ ಕೀಲಿಯೂ ಲಿಖಿತವಾಗಿ ಹೋಗದಿದ್ದರೆ, ಪೆಟ್ಟಿಗೆಯನ್ನು ಕಳುಹಿಸಿ ಬೀಗದ ಕೈಯನ್ನು ಹಳೆಯ ಮನೆಯಲ್ಲಿಯೇ ಬಿಟ್ಟಂತಾಗುವುದು.

ಇದಕ್ಕೆ ವಿರೋಧವಾಗಿ ಕೆಲವರು ಕೆಲವು ಮಾತುಗಳನ್ನು ಹೇಳುವುದುಂಟು. ಅವನ್ನು ಒಂದೊಂದಾಗಿ ಪರೀಕ್ಷಿಸುವುದು ನ್ಯಾಯ.

'ಇದೆಲ್ಲ ಅಭ್ಯಾಸದಿಂದ ಬರತಕ್ಕದ್ದು; ಈಜನ್ನು ಪುಸ್ತಕದಿಂದ ಕಲಿತವರುಂಟೆ?' ಎಂಬುದು ಮೊದಲನೆಯ ಮಾತು. ಅಭ್ಯಾಸದಿಂದ ಬರುವುದು ವೇಗ. ಅರಿವು ಅಭ್ಯಾಸದಿಂದ ಬರುವುದಿಲ್ಲ. ಸೊನ್ನೆಯನ್ನು ಅನುಸ್ವಾರವೆಂದು ಒತ್ತುವವನಿಗೂ ಅಭ್ಯಾಸವಿದೆ. ಹತ್ತು ವರ್ಷ ಅಭ್ಯಾಸಮಾಡಿದರೆ ಅವನು ಅದೇ ತಪ್ಪನ್ನು ಮೊದಲಿಗಿಂತ ವೇಗವಾಗಿ ಮಾಡುತ್ತಾನೆ. ಈಜುವವನು ತಪ್ಪಿದರೆ ನೀರು ಕೂಡಲೇ ಎಚ್ಚರಿಸುತ್ತದೆ. ಕೀಲಿಮಣೆಯ ಈ ತಪ್ಪುಗಳಾದರೋ ಕಣ್ಣಿಗೆ ಸರಿಯಾಗಿಯೇ ಕಾಣುತ್ತವೆ. ವರ್ಷಗಳ ಬಳಿಕ, ಬೇರೊಬ್ಬನ ಕೆಲಸದಲ್ಲಿ ಅವು ಬಯಲಾಗುತ್ತವೆ.

'ಹೊಸದಾಗಿ ಕಲಿಯುವವರಿಗೆ ಇಷ್ಟೆಲ್ಲವನ್ನೂ ಹೇಳಿದರೆ ದಿಗಿಲಾಗುತ್ತದೆ' ಎಂಬುದು ಎರಡನೆಯದು. ಇದು ಕರುಣೆಯ ವೇಷದಲ್ಲಿರುವ ಸೋಮಾರಿತನ. ನಿಘಂಟಿನಲ್ಲಿ ಸಾವಿರಾರು ಪದಗಳಿವೆಯೆಂದು ಶಾಲೆಯ ಬಾಲಕನು ಅಂಜಿ ಓಡಿಹೋಗುವುದಿಲ್ಲ; ತನಗೆ ಬೇಕಾದುದನ್ನು ಬೇಕಾದಾಗ ನೋಡಿಕೊಳ್ಳುತ್ತಾನೆ. ಸಂಕ್ಷೇಪಗಳ ಪಟ್ಟಿಯನ್ನು ಬಾಯಿಪಾಠ ಮಾಡಿರೆಂದು ಯಾರೂ ಹೇಳುವುದಿಲ್ಲ. ಹುಡುಕಿದವನಿಗೆ ಅದು ಸಿಗಬೇಕೆಂಬುದಷ್ಟೇ ಬೇಡಿಕೆ.

'ಗುಟ್ಟೆಲ್ಲ ಅಚ್ಚಾದರೆ ಬೆರಳಚ್ಚಿನವರ ಹೊಟ್ಟೆಪಾಡೇನು?' ಎಂಬುದು ಮೂರನೆಯದು; ಇದನ್ನು ಹಗುರವಾಗಿ ತಳ್ಳಿಬಿಡಲಾಗದು. ತಾಲ್ಲೂಕು ಕಚೇರಿಯ ಎದುರಿಗೆ ಪುಟಕ್ಕಿಷ್ಟೆಂದು ಬರೆದುಕೊಡುವವರು ಬಡವರು. ಈ ಸೀಮೆಯ ಕನ್ನಡ ಬರವಣಿಗೆಯ ಭಾರವನ್ನು ಹೊತ್ತವರೂ ಅವರೇ. ಕಂಠಪಾಠದಿಂದಲೇ ಇಷ್ಟನ್ನು ಉಳಿಸಿಕೊಂಡು ಬಂದ ಅವರ ಬುದ್ಧಿಗೆ ತಲೆದೂಗಬೇಕು. ದೋಷವು ಅವರದಲ್ಲ, ಬರೆಯಬೇಕಾಗಿದ್ದು ಬರೆಯದೆ ಉಳಿದವರದು. ಇನ್ನು ಹೊಟ್ಟೆಪಾಡಿನ ಮಾತು. ಮಂಡಕ್ಕಿ ಒಗ್ಗರಣೆಯನ್ನು ಮಾಡುವ ಬಗೆಯು ಈ ಕಡೆ ಯಾವ ಮನೆಯ ಹೆಣ್ಣುಮಗಳಿಗೆ ತಿಳಿಯದು? ಹಾಗೆಂದು ಮಂಡಕ್ಕಿಯ ಅಂಗಡಿಗಳು ಬಾಗಿಲು ಹಾಕಿವೆಯೆ? ಗಿರಾಕಿಯು ಬರುವುದು ಗುಟ್ಟಿಗಾಗಿ ಅಲ್ಲ, ಕೈಗುಣಕ್ಕಾಗಿ. ಬದಲಾಗಿ, ಬರೆದಿಡದ ವಿದ್ಯೆಯಿಂದ ಮೊದಲು ನಷ್ಟಪಡುವವನು ಆ ಬೆರಳಚ್ಚುಗಾರನೇ. ಹೊಸ ತಂತ್ರಾಂಶ ಬಂದ ದಿನ ಅವನ ಹತ್ತು ವರ್ಷದ ಅಡ್ಡದಾರಿಗಳೆಲ್ಲ ಒಮ್ಮೆಗೇ ಮುಚ್ಚಿಹೋಗುತ್ತವೆ. ತೋರಿಸಿ ಕೇಳುವುದಕ್ಕೆ ಅವನ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ಈ ಕೊನೆಯ ಅಂಶವನ್ನು ಇನ್ನಷ್ಟು ಬಿಡಿಸಿ ಹೇಳಬೇಕಾಗಿದೆ. ಅಪ್ಪಣೆಯ ಮೊದಲ ಅಕ್ಷರವನ್ನು ಹೇಳಿದರೆ ಸಾಕು, ಉಳಿದುದನ್ನು ಯಂತ್ರವೇ ಊಹಿಸಿಕೊಳ್ಳುವುದೆಂಬ ಏರ್ಪಾಡು ಕೆಲವು ತಂತ್ರಾಂಶಗಳಲ್ಲಿದೆ. 'ಅಳಿಸು' ಎಂಬ ಒಂದೇ ಅಪ್ಪಣೆಯು ಅಕಾರದಿಂದ ಆರಂಭವಾಗುವವರೆಗೆ 'ಅ' ಎಂದರೆ ಅಳಿಸುವುದೇ. ನಾಳೆ ತಯಾರಕನು 'ಅಚ್ಚಿಸು' ಎಂಬ ಹೊಸ ಅಪ್ಪಣೆಯೊಂದನ್ನು ಸೇರಿಸಿದರೆ 'ಅ' ಎಂಬುದಕ್ಕೆ ಏನರ್ಥ? ಅಚ್ಚಿಸಬೇಕೆಂದು ಹೇಳಿದವನ ಬರಹವು ಅಳಿಸಿಹೋದರೆ ಯಾರು ಹೊಣೆ? ತಯಾರಕನು 'ಆ ಸಂಕ್ಷೇಪವನ್ನು ನಾವು ಎಲ್ಲಿಯೂ ಹೇಳಿರಲಿಲ್ಲವಲ್ಲ' ಎನ್ನುವನು; ಅವನ ಮಾತು ಸುಳ್ಳೂ ಅಲ್ಲ. ಬರೆದುಕೊಟ್ಟ ಮಾತಿಗೆ ಕಟ್ಟುಬೀಳಬೇಕು. ಬರೆದುಕೊಡದ ಮಾತನ್ನು ಯಾವ ದಿನವಾದರೂ ಹಿಂತೆಗೆದುಕೊಳ್ಳಬಹುದು. ಸಂಕ್ಷೇಪಗಳನ್ನು ಅಚ್ಚುಹಾಕಿಸುವುದಕ್ಕೆ ತಯಾರಕರು ಹಿಂದೆಗೆಯುವುದರ ಒಳಮರ್ಮವು ಕೆಲವೊಮ್ಮೆ ಇದೇ ಆಗಿರಬಹುದು.

ನಾಲ್ಕನೆಯ ಮಾತು ವಿದ್ವಾಂಸರದು: 'ಸಂಕ್ಷೇಪವು ಬಲ್ಲವರ ನಡುವಿನ ಸಂಕೇತ, ಅದಕ್ಕೆ ವಿವರಣೆ ಬರೆದರೆ ಸಂಕ್ಷೇಪವೆಂಬುದರ ಅರ್ಥವೇ ಹೋಗುತ್ತದೆ.' ಲೋಕದಲ್ಲಿ ಪಾಣಿನಿಗಿಂತ ಸಂಕ್ಷೇಪಪ್ರಿಯನು ಹುಟ್ಟಿಲ್ಲ. ಅರ್ಧ ಮಾತ್ರೆ ಉಳಿದರೆ ವೈಯಾಕರಣನಿಗೆ ಮಗ ಹುಟ್ಟಿದಷ್ಟು ಸಂತೋಷವೆಂಬ ವಿನೋದವು ಪ್ರಸಿದ್ಧವೇ ಆಗಿದೆ. ಸ್ವರಗಳೆಲ್ಲವನ್ನೂ 'ಅಚ್' ಎಂದೂ ವ್ಯಂಜನಗಳೆಲ್ಲವನ್ನೂ 'ಹಲ್' ಎಂದೂ ಒಂದೊಂದೇ ಉಸಿರಿನಲ್ಲಿ ಹೇಳುವ ಪ್ರತ್ಯಾಹಾರಗಳು ಅವನ ಶಾಸ್ತ್ರದ ಜೀವಾಳ. ಆದರೆ ಅವನು ಮಾಡಿದುದೇನು? ಹದಿನಾಲ್ಕು ಸೂತ್ರಗಳಲ್ಲಿ ವರ್ಣಗಳನ್ನೆಲ್ಲ ಮೊದಲೇ ಕ್ರಮವಾಗಿ ಹರಡಿಟ್ಟು, ಆದಿಯ ವರ್ಣವನ್ನೂ ಅಂತ್ಯದ ಗುರುತನ್ನೂ ಸೇರಿಸಿದರೆ ನಡುವಿನವೆಲ್ಲ ಅದರಲ್ಲಿ ಅಡಗುತ್ತವೆಂಬುದಕ್ಕೆ ಪ್ರತ್ಯೇಕವಾಗಿ ಒಂದು ಸೂತ್ರವನ್ನೇ ವ್ಯಯಮಾಡಿದನು. ಅರ್ಧ ಮಾತ್ರೆಗಾಗಿ ಹೋರಾಡುವವನು ತನ್ನ ಸಂಕ್ಷೇಪದ ಕೀಲಿಯನ್ನು ಹೇಳುವುದಕ್ಕೆ ಮಾತ್ರ ಒಂದಿಡೀ ಸೂತ್ರವನ್ನು ಕೊಟ್ಟನೆಂಬುದೇ ಸಾಕಾದ ಉತ್ತರ. ಕಿಟ್ಟೆಲ್ ಮಹಾಶಯನು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದ ಕನ್ನಡ ನಿಘಂಟಿನಲ್ಲಿಯೂ ಪುಟಪುಟದಲ್ಲಿ ಸಂಕ್ಷೇಪಗಳಿವೆ. ಅವುಗಳ ವಿವರಣೆಯ ಪಟ್ಟಿಯೂ ಗ್ರಂಥದಲ್ಲಿಯೇ ಇದೆ. ಆದುದರಿಂದಲೇ ನೂರಮೂವತ್ತು ವರ್ಷಗಳ ಬಳಿಕವೂ ಆ ಗ್ರಂಥವು ಯಾರ ಮಧ್ಯಸ್ಥಿಕೆಯೂ ಇಲ್ಲದೆ ಓದುಗರೊಡನೆ ಮಾತಾಡುತ್ತದೆ.

ಹಾಗಾದರೆ ಆಗಬೇಕಾದುದೇನು? ಕನ್ನಡದಲ್ಲಿ ಬರೆಯುವುದಕ್ಕೆ ತಂತ್ರಾಂಶವನ್ನು ಕೊಡುವ ಪ್ರತಿಯೊಬ್ಬರೂ, ಅದನ್ನು ಹಣಕ್ಕೆ ಕೊಡಲಿ ಧರ್ಮಕ್ಕೆ ಕೊಡಲಿ, ಅದರ ಎಲ್ಲ ಅಪ್ಪಣೆಗಳ ಪೂರ್ಣರೂಪವನ್ನೂ ಸಂಕ್ಷೇಪವನ್ನೂ ಕನ್ನಡದಲ್ಲಿಯೇ ಬರೆದು ಜೊತೆಗೆ ಕೊಡತಕ್ಕದ್ದು. ಬಿಡಬಹುದಾದ ಭಾಗವನ್ನು ಆವರಣದಲ್ಲಿಡುವ ಪದ್ಧತಿಯು ಅದಕ್ಕೆ ಮೇಲ್ಪಂಕ್ತಿಯಾಗಲಿ. ಸರಕಾರವು ತನ್ನ ಕಚೇರಿಗಳಿಗಾಗಿ ತಂತ್ರಾಂಶವನ್ನು ತೆಗೆದುಕೊಳ್ಳುವಾಗ ಈ ಪಟ್ಟಿಯಿಲ್ಲದುದನ್ನು ಅಪೂರ್ಣವೆಂದೇ ಎಣಿಸತಕ್ಕದ್ದು. ಬೆರಳಚ್ಚಿನ ಶಾಲೆಗಳಲ್ಲಿ ಅಕ್ಷರಗಳ ಪಟದ ಪಕ್ಕದಲ್ಲಿಯೇ ಕಾಣದ ಎರಡು ಸಂಕೇತಗಳ ಪಟವೂ, ಸೊನ್ನೆಯನ್ನು ಅನುಸ್ವಾರವಾಗಿ ಬಳಸಕೂಡದೆಂಬ ಎಚ್ಚರಿಕೆಯೂ ತೂಗಬೇಕು. ಕಚೇರಿಯಲ್ಲಿ ಯಾರಾದರೂ ತಮ್ಮ ಅನುಕೂಲಕ್ಕೆ ಸಂಕ್ಷೇಪಗಳನ್ನು ಮಾಡಿಕೊಂಡಿದ್ದರೆ ಅವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ವರ್ಗವಾದಾಗ ಮೇಜಿನ ಕೀಲಿಯೊಡನೆ ಅದನ್ನೂ ಒಪ್ಪಿಸಿಹೋಗಬೇಕು. ೧೯೯೧ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಇದೇ ಜಿಲ್ಲೆಯಲ್ಲಿದೆ. ಹಳೆಯ ಅಚ್ಚುಮೊಳೆಗಳ ಕೋಷ್ಟಕಗಳನ್ನು, ಅವುಗಳನ್ನು ಬಳಸಿದವರು ಬದುಕಿರುವಾಗಲೇ ಕೇಳಿ ಬರೆದುಕೊಳ್ಳುವ ಕಾರ್ಯಕ್ಕೆ ಅದಕ್ಕಿಂತ ಯೋಗ್ಯವಾದ ಸ್ಥಾನವು ಬೇರೊಂದಿಲ್ಲ. ಮನೆಮನೆಯ ವಿದ್ಯಾವಂತರೂ ತಮ್ಮ ಹಳೆಯ ಕಡತಗಳನ್ನು ತೆರೆದುನೋಡಿ, ಓದಲು ಬರುವಾಗಲೇ ಯೂನಿಕೋಡಿಗೆ ತಿರುಗಿಸಿಕೊಳ್ಳುವುದು ಲೇಸು.

ಇವುಗಳಲ್ಲಿ ಯಾವುದೂ ದೊಡ್ಡ ವೆಚ್ಚದ ಕಾರ್ಯವಲ್ಲ. ಕೆಲವು ಹಾಳೆಗಳು, ಕೆಲವು ದಿನಗಳ ದುಡಿಮೆ, ಬಲ್ಲವರಲ್ಲಿ ಕೇಳಿ ಬರೆದುಕೊಳ್ಳುವ ವಿನಯ, ಇಷ್ಟಿದ್ದರೆ ಸಾಕು. ನೀಲಗುಂದದ ಶಿಲ್ಪಿಯು ಉಳಿಯಿಂದ ಕಡೆದುದನ್ನು ಸಾವಿರದ ನೂ­ರೈವತ್ತು ವರ್ಷಗಳ ಬಳಿಕ ಇಂದಿನವರು ಓದುತ್ತಿದ್ದಾರೆ. ಕೀಲಿಯಿಂದ ಒತ್ತಿದುದನ್ನು ಇಪ್ಪತ್ತು ವರ್ಷಗಳ ಬಳಿಕ ಒತ್ತಿದವರ ಮಕ್ಕಳೇ ಓದಲಾರದೆ ಹೋದರೆ, ಅದಕ್ಕೆ ಯಂತ್ರವನ್ನು ದೂರಿ ಫಲವಿಲ್ಲ. ಯಂತ್ರವು ಹೇಳಿದುದನ್ನು ಮಾಡಿತು. ಹೇಳಬೇಕಾದವರು ಬರೆದು ಹೇಳಲಿಲ್ಲ.